ಹತ್ತಡಿ ಖೋಲಿಯಲ್ಲಿ ಸ್ಟೇಡಿಯಂ ರಾಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಂಬತ್ತರ ದಶಕದ ರಾಕ್‌ನಲ್ಲಿ ಡ್ರಮ್ಮಿಗೆ ಒಂದು ಏಟು ಬಿದ್ದರೆ ಇಡೀ ಮೈದಾನವೇ ನಡುಗಿದ ಹಾಗಿರುತ್ತಿತ್ತು. ಹೊಸ ಆಲ್ಬಮ್‌ಗಳಲ್ಲಿ ಅಂಥ ಸದ್ದು ಸಿಗುತ್ತದೆಯೇ? ಯಾವುದರಿಂದ ಶುರು ಮಾಡಲಿ?
– ಓದುಗರು, ಹಾವೇರಿ

ಉತ್ತರ: ಧಾರಾಳವಾಗಿ ಸಿಗುತ್ತದೆ. ಸ್ವೀಡನ್ನಿನ ಘೋಸ್ಟ್ ತಂಡದ ‘ಇಂಪೆರಾ’ (2022) ಮೊದಲು ಹಾಕಿ. ಆಮೇಲೆ ಗ್ರೇಟಾ ವ್ಯಾನ್ ಫ್ಲೀಟ್‌ನ ‘ದ ಬ್ಯಾಟಲ್ ಅಟ್ ಗಾರ್ಡನ್ಸ್ ಗೇಟ್’ (2021), ಜೂಡಾಸ್ ಪ್ರೀಸ್ಟ್‌ನ ‘ಇನ್‌ವಿನ್ಸಿಬಲ್ ಶೀಲ್ಡ್’ (2024). ಹಳೆಯ ಹುಲಿಗಳೇ ಬೇಕೆಂದರೆ ಡೆಫ್ ಲೆಪರ್ಡ್‌ನ ‘ಡೈಮಂಡ್ ಸ್ಟಾರ್ ಹೇಲೋಸ್’ (2022) ಇದೆ. ಎಸಿ/ಡಿಸಿಯ ‘ಪವರ್ ಅಪ್’ (2020) ಮಾತ್ರ ಬೇರೆ ಜಾತಿ. ಅದರ ಸದ್ದು ಒಣ, ಮೊಳಗು ಕಡಿಮೆ. ಎರಡು ಗಿಟಾರ್ ಎಡಕ್ಕೊಂದು ಬಲಕ್ಕೊಂದು ನಿಂತಿರುತ್ತವೆ, ದೊಡ್ಡತನವೆಲ್ಲ ಅಲ್ಲಿಂದಲೇ.

ಕೇಳುವಾಗ ಸ್ನೇರ್ ಡ್ರಮ್ಮಿನ (ಚಟ್ ಎಂದು ಬಡಿಯುವ ಡ್ರಮ್) ಮೇಲೆ ಕಿವಿ ಇಡಿ. ಏಟಿನ ಬಾಲ, ಅಂದರೆ ಏಟಿನ ನಂತರ ಉಳಿಯುವ ಮೊಳಗು, ಎಷ್ಟುದ್ದ, ಎಲ್ಲಿ ಮುರಿಯುತ್ತದೆ ನೋಡಿ. ನಿಜವಾದ ಬಯಲಿನಲ್ಲಿ ಹಾಗೆ ಕೇಳುವುದೇ ಇಲ್ಲ. ಹುಬ್ಬಳ್ಳಿಯ ನೆಹರೂ ಮೈದಾನದಂಥ ಜಾಗದಲ್ಲಿ ದೂರ ನಿಂತು ಭಾಷಣ ಕೇಳಿದವರಿಗೆ ಗೊತ್ತು, ಹಿಂದಿನ ಮಾತಿನ ಪ್ರತಿಧ್ವನಿ ಮುಂದಿನ ಮಾತನ್ನು ನುಂಗಿಬಿಡುತ್ತದೆ. 60 ಮೀಟರ್ ಆಚೆಯ ಗೋಡೆಗೆ ಬಡಿದ ಸದ್ದು ಮರಳಿ ಬರಲು ಸುಮಾರು 0.35 ಸೆಕೆಂಡ್ ಬೇಕು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಏಟಿನಿಂದ ಏಟಿಗೆ 0.5 ಸೆಕೆಂಡ್. ಅಂದರೆ ಪ್ರತಿಧ್ವನಿ ಎರಡು ಏಟುಗಳ ನಡುವೆ ಬಂದು ತಾಳ ಕಲಕುತ್ತದೆ. ಇದಕ್ಕೆ ಉಪಾಯ ಸಿಕ್ಕಿದ್ದು ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ. 1980ರಲ್ಲಿ ಹೊರಬಂದ, ಗಾಯಕ ಪೀಟರ್ ಗೇಬ್ರಿಯಲ್‌ನ ಮೂರನೆಯ ಆಲ್ಬಮ್ಮಿಗೆ ಫಿಲ್ ಕಾಲಿನ್ಸ್ ಡ್ರಮ್ ನುಡಿಸುತ್ತಿದ್ದಾಗ ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್ ಕೋಣೆಯ ಮೊಳಗನ್ನು ಹಿಗ್ಗಿಸಿ, ಅದು ತಾನಾಗಿ ಕರಗುವ ಮುನ್ನವೇ ಗೇಟ್ (ಸದ್ದನ್ನು ತಟ್ಟನೆ ಮುಚ್ಚುವ ಉಪಕರಣ) ಹಾಕಿ ಕಡಿದರು. ಏಟು ಬೆಟ್ಟದಷ್ಟಾಯಿತು, ಮುಂದಿನ ಏಟಿಗೆ ಜಾಗವೂ ಉಳಿಯಿತು. ನೀವು ಮೆಚ್ಚಿದ ಮೈದಾನ ಸ್ಟುಡಿಯೊದಲ್ಲೇ ಕಟ್ಟಿದ್ದು. ಅದು ಹಾಡಿನೊಳಗೇ ಇದೆ, ಮನೆಯಲ್ಲಿ ಮತ್ತೊಂದನ್ನು ಕಟ್ಟುವ ಕೆಲಸವಿಲ್ಲ. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತವೆ.

ಪ್ರಶ್ನೆ: ನಮ್ಮ ಖೋಲಿ 10 ಬಾಯ್ 10 ಅದ ರೀ, ಆರ್‌ಸಿಸಿ ಸ್ಲ್ಯಾಬು, ಕೆಳಗ ಶಹಾಬಾದ್ ಫರಸಿ. ಭೀಮಸೇನ ಜೋಶಿಯವರ ಗಾಯನ ಹಚ್ಚಿದ್ರ ಭಾಳ ಚಲೋ ಕೇಳಸ್ತದ. ರಾಕ್ ಹಚ್ಚಿದ್ರ ಗೂಂ ಅಂತ ಕಿವಿ ತುಂಬಿಬಿಡ್ತದ. ಸ್ಪೀಕರ್ ಬದಲಿ ಮಾಡಬೇಕೇನು?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬ್ಯಾಡ್ರಿ. ಗೂಂಗುಡುತ್ತಿರುವುದು ಸ್ಪೀಕರ್ ಅಲ್ಲ, ಖೋಲಿ. ಎದುರುಬದುರು ಗೋಡೆಗಳ ನಡುವೆ ಒಂದು ಸ್ವರ ಸಿಕ್ಕಿಕೊಂಡು ಉಬ್ಬುತ್ತದೆ. ಅದರ ಲೆಕ್ಕ: ಸದ್ದಿನ ವೇಗವಾದ 343ನ್ನು (ಸೆಕೆಂಡಿಗೆ ಮೀಟರ್) ಗೋಡೆಗಳ ಅಂತರದ (ಮೀಟರ್‌ನಲ್ಲಿ) ಎರಡರಷ್ಟರಿಂದ ಭಾಗಿಸಿ. 10 ಅಡಿ ಎಂದರೆ 3.05 ಮೀಟರ್, ಉತ್ತರ ಸುಮಾರು 56 ಹರ್ಟ್ಜ್. ಸ್ಲ್ಯಾಬಿನ ಎತ್ತರವೂ 10 ಅಡಿ ಇದ್ದರೆ ಮೂರೂ ದಿಕ್ಕಿನಿಂದ ಅದೇ 56 ಒಂದರ ಮೇಲೊಂದು ಕೂರುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಜ್‌ನಿಂದ ಶುರು, ಕಿಕ್ ಡ್ರಮ್ಮಿನ ಜೋರೂ ಅಲ್ಲೇ ಆಸುಪಾಸಿನಲ್ಲಿ. ಗಂಡು ಶ್ರುತಿಯ ತಾನಪುರದ ಖರಜ ತಂತಿ ಕೂಡ 65–70ರಿಂದ ಮೇಲೆಯೇ, ಗಾಯಕರ ಧ್ವನಿ ಇನ್ನೂ ಮೇಲೆ. ಹಾಗಾಗಿ ಖಯಾಲ್ ಗಾಯನಕ್ಕೆ ನಿಮ್ಮ ಖೋಲಿ ತಕರಾರು ತೆಗೆಯುವುದಿಲ್ಲ.

ಮೊದಲು ಕೂರುವ ಜಾಗ ಸರಿಮಾಡಿ. ಹಿಂದಿನ ಗೋಡೆಗೆ ಒರಗಿ ಕೂತರೆ ಆ ಸ್ವರ ಅತಿ ಜೋರು, ಖೋಲಿಯ ನಟ್ಟನಡುವೆ ಕೂತರೆ ಪೂರಾ ಮಾಯ. ಹಿಂದಿನ ಗೋಡೆಯಿಂದ ಮೂರೂಮುಕ್ಕಾಲು ಅಡಿ ಮುಂದೆ ಕುರ್ಚಿ ಹಾಕಿ, ಅಲ್ಲಿಂದ ಅರ್ಧರ್ಧ ಅಡಿ ಹಿಂದೆಮುಂದೆ ಸರಿಸಿ ನೋಡಿ. ಸ್ಪೀಕರುಗಳನ್ನು ಗೋಡೆಯ ಮಾಡದಿಂದಲೂ ತಿಜೋರಿಯ ಮೇಲಿಂದಲೂ ಇಳಿಸಿ. ತಿಜೋರಿಯ ತಗಡು ತಾನೂ ಹಾಡತೊಡಗುತ್ತದೆ. ಮೂಲೆ ಬಿಟ್ಟು, ಹಿಂದೆ ಒಂದೂವರೆ ಅಡಿ ಜಾಗ ಕೊಟ್ಟು, ಟ್ವೀಟರ್ (ಕೀಚಲು ಸ್ವರದ ಸಣ್ಣ ಸ್ಪೀಕರ್) ಕಿವಿಯ ಮಟ್ಟಕ್ಕೆ ಬರುವಂತೆ ಇಡಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರರ ನಡುವಿನ ಅಂತರವೂ ಒಂದೇ ಇರಲಿ.

ಈಗ ಚಪ್ಪಾಳೆ ತಟ್ಟಿ. ‘ಟಿರ್ರ್’ ಎಂದು ಮರಳಿ ಬಂದರೆ ಗೋಡೆ ತೀರ ಬೋಳು. ಫರಸಿಯ ಮೇಲೆ ನವಲಗುಂದ ಜಮಖಾನೆ ಹಾಸಿ. ಮನೆಯಲ್ಲಿ ಕೌದಿ ಇದ್ದೇ ಇರುತ್ತದೆ, ದಪ್ಪನೆಯದೊಂದನ್ನು ಹಿಂದಿನ ಗೋಡೆಗೆ ತೂಗುಬಿಡಿ. ಗೋಡೆಗೆ ಅಂಟಿಸಬೇಡಿ, ಕೋಲಿನ ಮೇಲೆ ಹಾಕಿ ಮೂರು ಇಂಚು ಆಚೆ ನಿಲ್ಲಿಸಿದರೆ ಅದೇ ಕೌದಿ ಹೆಚ್ಚು ಹೀರುತ್ತದೆ. ಸಿಂಬಲ್‌ಗಳ ಚುಚ್ಚು ಇದರಿಂದ ಕಡಿಮೆಯಾಗುತ್ತದೆ. ಆದರೆ 56 ಹರ್ಟ್ಜ್‌ನ ಅಲೆಯ ಉದ್ದ ಆರು ಮೀಟರ್, ಕೌದಿಗೆ ಅದು ಜಗ್ಗುವುದಲ್ಲ. ಅದಕ್ಕೆ ಈಕ್ವಲೈಜರಿನಲ್ಲಿ (ಬೇರೆ ಬೇರೆ ಸ್ವರಗಳ ಜೋರು ಏರಿಳಿಸುವ ಸಾಧನ) 60 ಹರ್ಟ್ಜ್‌ನ ಗುಂಡಿಯನ್ನು 4 ಡೆಸಿಬೆಲ್ ಇಳಿಸಿ.

ಇಷ್ಟಾದ ಮೇಲೆ ಬೇಸ್ ತೆಳ್ಳಗಾಗಿ, ಹಾಡುಗಾರ ಎಲ್ಲಿ ನಿಂತಿದ್ದಾನೆಂದೇ ತಿಳಿಯದಿದ್ದರೆ ಒಂದು ಸ್ಪೀಕರಿನ ವೈರ್ ತಿರುವುಮುರುವಾಗಿದೆ. ಬಣ್ಣ ಮಾಸಿದ ವೈರಾದರೆ ಆಂಪ್ಲಿಫೈಯರಿನಿಂದ ಬಿಚ್ಚಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಕ್ಷಣಮಾತ್ರ ಮುಟ್ಟಿಸಿ. ಸ್ಪೀಕರಿನ ಕೋನ್ (ಅದುರುವ ಹಾಳೆ) ಹೊರಕ್ಕೆ ನೆಗೆದರೆ ಸೆಲ್ಲಿನ ಪ್ಲಸ್ ಮುಟ್ಟಿಸಿದ ತಂತಿಯೇ ಆಂಪ್ಲಿಫೈಯರಿನ ಕೆಂಪು ತುದಿಗೆ ಹೋಗಬೇಕಾದ್ದು.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ಇಯರ್‌ಫೋನ್‌ನಲ್ಲೇ ಕೇಳುತ್ತೇನೆ. ಫೋನಿನಲ್ಲಿ ‘ಕನ್ಸರ್ಟ್ ಹಾಲ್’ ಎಂಬ ಆಯ್ಕೆ ಇದೆ, ಹಾಕಿದರೂ ಮಜಾ ಬರುತ್ತಿಲ್ಲ. ನಾಲ್ಕು ಹಾಡಿಗೆ ಕಿವಿ ದಣಿಯುತ್ತದೆ.
– ಓದುಗರು, ಧಾರವಾಡ

ಉತ್ತರ: ಆ ಆಯ್ಕೆ ಈಗಲೇ ತೆಗೆಯಿರಿ. ಸ್ಟುಡಿಯೊದವರು ಅಳತೆ ಮಾಡಿ ಕಡಿದ ಬಾಲವನ್ನು ಫೋನು ಮತ್ತೆ ಅಂಟಿಸುತ್ತಿದೆ. ಬೇಸ್ ಸಾಲದೆಂದರೆ ಈಕ್ವಲೈಜರಿಗೆ ಕೈ ಹಾಕುವ ಮೊದಲು ರಬ್ಬರ್ ಟಿಪ್ ನೋಡಿ, ನೂರಕ್ಕೆ ತೊಂಬತ್ತು ಸಲ ಗಾಳಿ ಸೋರುತ್ತಿರುತ್ತದೆ. ಒಂದು ಸೈಜ್ ದೊಡ್ಡದು ಹಾಕಿ.

ದಣಿವಿಗೆ ಕಾರಣ ಬೇರೆ. ಇತ್ತೀಚಿನ ಅನೇಕ ಆಲ್ಬಮ್‌ಗಳಲ್ಲಿ ಸಣ್ಣ ಸದ್ದನ್ನೂ ದೊಡ್ಡದರ ಮಟ್ಟಕ್ಕೆ ಎತ್ತಿ ಒತ್ತಿಬಿಟ್ಟಿರುತ್ತಾರೆ. 2008ರಲ್ಲಿ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅಭಿಮಾನಿಗಳೇ ಇದಕ್ಕೆ ಜಗಳ ತೆಗೆದಿದ್ದರು. ಒತ್ತಿದ್ದನ್ನು ನೀವು ಬಿಡಿಸಲಾರಿರಿ, ಹೆಚ್ಚು ಒತ್ತದಂತೆ ನೋಡಿಕೊಳ್ಳಬಹುದು. ಸ್ಪಾಟಿಫೈ ಆದರೆ ವಾಲ್ಯೂಮ್ ಮಟ್ಟ ‘ಲೌಡ್’ ಇರುವುದು ಬೇಡ, ‘ನಾರ್ಮಲ್’ ಇರಲಿ. ಶಫಲ್ (ಹಾಡುಗಳ ಕ್ರಮ ಕಲಸುವುದು) ಮತ್ತು ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯ ಮೇಲೆ ಮುಂದಿನದನ್ನು ಹೇರುವುದು) ಎರಡನ್ನೂ ತೆಗೆಯಿರಿ, ಇಲ್ಲದಿದ್ದರೆ ‘ಇಂಪೆರಾ’ದ ಮೊದಲ ತುಣುಕು ಎರಡನೆಯ ಹಾಡಿಗೆ ಕಟ್ಟಿಕೊಡುವ ಪೀಠಿಕೆಯೇ ಹಾಳು. ಹಾಸ್ಟೆಲ್ ವೈಫೈ ಸಿಕ್ಕಾಗ 320 ಕಿಲೋಬಿಟ್‌ನಲ್ಲಿ ಇಳಿಸಿಟ್ಟುಕೊಳ್ಳಿ. ನಿಮಿಷಕ್ಕೆ 2.4 ಎಂಬಿಯಂತೆ 45 ನಿಮಿಷದ ಆಲ್ಬಮ್ಮಿಗೆ 108 ಎಂಬಿ, ಅಷ್ಟೇ.

ಕಿವಿಯ ಲೆಕ್ಕ ಇದು: 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ತಡೆಯುತ್ತದೆ. ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು 15 ನಿಮಿಷ, ಅರ್ಧ ಆಲ್ಬಮ್ ಕೂಡ ಮುಗಿಯದು.

ಪ್ರಶ್ನೆ: 40 ವ್ಯಾಟ್ ಆಂಪ್ಲಿಫೈಯರ್ ಇದೆ. ಇಮ್ಮಡಿ ಜೋರಿಗೆ 80 ವ್ಯಾಟಿನದು ಸಾಕೇ? ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ‘ಜೊಂಯ್’ ಎನ್ನುವುದೇಕೆ?
– ಓದುಗರು, ಬೆಟಗೇರಿ, ಗದಗ

ಉತ್ತರ: ಸಾಲದು. ವ್ಯಾಟ್ ದುಪ್ಪಟ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಲು ಹತ್ತರಷ್ಟು, ಅಂದರೆ 400 ವ್ಯಾಟ್ ಬೇಕು. ಆ ದುಡ್ಡು ಇಟ್ಟುಕೊಂಡು ಕುರ್ಚಿಯನ್ನು ಸ್ಪೀಕರಿಗೆ ಹತ್ತಿರ ಎಳೆಯಿರಿ. ಸ್ಪೀಕರ್ ಹಳೆಯದಾದರೆ ಕೋನಿನ ಸುತ್ತಲಿನ ಫೋಮ್ ಬೆರಳಿಗೆ ಪುಡಿಯಾಗಿ ಬರುತ್ತದೆಯೇ ನೋಡಿ, ಬಂದರೆ ಫೋಮ್ ಮಾತ್ರ ಬದಲಿಸಿದರೆ ಸಾಕು. ‘ಜೊಂಯ್’ ಸದ್ದು ಹೆಚ್ಚಾಗಿ ಸ್ಕ್ವೇರ್ ವೇವ್ ಇನ್ವರ್ಟರಿನದು. ಪ್ಯೂರ್ ಸೈನ್ ವೇವ್‌ನದಾದರೆ ಆ ಕಾಟ ಇರುವುದಿಲ್ಲ.

ಪ್ರಶ್ನೆ: ರಾತ್ರಿ ಸಣ್ಣಗೆ ಹಚ್ಚಿದರೆ ಡ್ರಮ್ಮೇ ಕೇಳದು. ಜೋರು ಮಾಡಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ.
– ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: ಸದ್ದು ಸಣ್ಣದಾದಷ್ಟೂ ಬೇಸ್ ಕೇಳುವ ಶಕ್ತಿ ಕಿವಿಗೆ ಕುಗ್ಗುತ್ತದೆ. ಆಂಪ್ಲಿಫೈಯರಿನಲ್ಲಿ ‘ಲೌಡ್‌ನೆಸ್’ ಗುಂಡಿ ಇರುವುದು ಇದಕ್ಕೇ. ರಾತ್ರಿ ಒತ್ತಿ, ಬೆಳಗ್ಗೆ ಮರೆಯದೆ ತೆಗೆಯಿರಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಗೋಡೆ ದಾಟುವುದು ಬೇಸೇ ಆದ್ದರಿಂದ ಸಬ್‌ವೂಫರ್ ಇದ್ದರೆ ಹತ್ತು ಗಂಟೆಗೆ ಅದರ ಸ್ವಿಚ್ ಆರಿಸಿ. ಪಡಸಾಲೆಯಲ್ಲಿ ಪಕ್ಕದ ಮನೆಗೆ ತಾಗಿರದ ಗೋಡೆ ಇದ್ದರೆ ಸ್ಪೀಕರುಗಳನ್ನು ಅಲ್ಲಿಗೆ ಸಾಗಿಸಿ.