ಹೊಲಿಗೆಯಿಲ್ಲದ ಅಂಗಿ ಕೇಳಿದವನು ಯಾರು?

‘ಸ್ಕಾರ್‌ಬರೋ ಫೇರ್’ ಎಂಬ ಇಂಗ್ಲಿಷ್ ಜನಪದ ಹಾಡಿನಲ್ಲಿ ಹೊಲಿಗೆಯೇ ಇಲ್ಲದ ಅಂಗಿ ಕೇಳುವುದೇಕೆ, ಇದರ ಹಿಂದೆ ದೆವ್ವದ ಕಥೆ ಇದೆಯೇ ಎಂದು ಕೇಳಿದ್ದೀರಿ. ಮೊದಲು ಕೇಳಿದವನು ದೆವ್ವವಲ್ಲ, ಹಾಗೆಂದು ಮನುಷ್ಯನೂ ಅಲ್ಲ. ಹಾಡಿನ ಬೇರು ಇರುವುದು 17ನೇ ಶತಮಾನದಲ್ಲೇ ಅಚ್ಚಾಗಿದ್ದ ‘ದಿ ಎಲ್ಫಿನ್ ನೈಟ್’ ಎಂಬ ಸ್ಕಾಟ್ಲೆಂಡಿನ ಲಾವಣಿಯಲ್ಲಿ. ಅಲ್ಲಿ ಗುಡ್ಡದ ಮೇಲೆ ಕುಳಿತು ಕೊಂಬು ಊದುವ, ನಮ್ಮ ಯಕ್ಷನಂಥ ಯೋಧನೊಬ್ಬ ತನ್ನನ್ನು ಬಯಸಿದ ಹುಡುಗಿಗೆ ಷರತ್ತು ಹಾಕುತ್ತಾನೆ: ಅಂಗಿಗೆ ಕತ್ತರಿ ತಾಗಬಾರದು, ಸೂಜಿದಾರ ಸೋಕಬಾರದು. ಅವಳೇನು ಕಡಿಮೆಯೇ? ಕಡಲಂಚಿನಲ್ಲಿ ನನ್ನದೊಂದು ಎಕರೆ ಹೊಲವಿದೆ, ಮೊದಲು ಅದನ್ನು ನಿನ್ನ ಕೊಂಬಿನಿಂದಲೇ ಉಳು ಎನ್ನುತ್ತಾಳೆ! ಇಡೀ ಲಾವಣಿಯಲ್ಲಿ ನನಗೆ ತುಂಬ ಇಷ್ಟವಾದ ಮಾತು ಇದೇ. ಇನ್ನು ‘ಸ್ಕಾರ್‌ಬರೋ ಫೇರ್’ನಲ್ಲಿ ಮತ್ತೆ ಮತ್ತೆ ಬರುವ ಪಾರ್ಸ್ಲಿ, ಸೇಜ್ ಸೊಪ್ಪುಗಳ ಸಾಲು ಬಹಳ ತಡವಾಗಿ ಸೇರಿಕೊಂಡದ್ದು. ಅವು ಮಾಟ ತಡೆಯುವ ಮೂಲಿಕೆಗಳು ಎಂಬ ವಿವರಣೆಯನ್ನು ನಾನಂತೂ ನಂಬುವುದಿಲ್ಲ.