ಮೆದುಳೇ ಇಲ್ಲದ ವೈರಸ್ ಹುಳುವನ್ನು ಮರ ಹತ್ತಿಸುತ್ತದೆಯೇ?

ನಿಮ್ಮ ಪ್ರಶ್ನೆ: ವೈರಸ್ ಹೊಕ್ಕ ಹುಳು ಮರದ ತುದಿಗೆ ಹತ್ತಿ ಸಾಯುತ್ತದೆ ಅನ್ನುವುದು ನಿಜವಾ, ಆ ವೈರಸ್ ನಮಗೂ ಅಂಟುತ್ತಾ ಅಂತ.

ಮೊದಲನೆಯದು ನಿಜ. ನಮ್ಮದು ರೇಷ್ಮೆ ಸಾಕುವ ಮನೆ. ಮರ ಹತ್ತುವುದನ್ನಲ್ಲದಿದ್ದರೂ ಇದೇ ಜಾತಿಯ, ಅಂದರೆ ಬ್ಯಾಕ್ಯುಲೊವೈರಸ್ ಎಂಬ ಗುಂಪಿನ, ವೈರಸ್ಸಿನ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ನಾವು ಅದನ್ನು ಹಾಲುತೊಂಡೆ ರೋಗ ಅಂತೀವಿ. ರೋಗ ತಗುಲಿದ ಹುಳು ಸೊಪ್ಪಿನ ಮೇಲೆ ನಿಲ್ಲುವುದಿಲ್ಲ. ತಟ್ಟೆಯ ಅಂಚಿಗೆ ಬಂದು ಸುತ್ತುತ್ತಲೇ ಇರುತ್ತದೆ. ಮೈಯ ಗೆಣ್ಣುಗಳ ನಡುವೆ ಊದಿ, ಚರ್ಮ ಬಿಗಿದು ಹೊಳೆಯುತ್ತದೆ. ಬೆರಳು ತಾಗಿದರೆ ಸಾಕು, ಒಡೆದು ಹಾಲಿನಂಥ ರಸ ಸುರಿಯುತ್ತದೆ. ಅದರ ತುಂಬ ವೈರಸ್. ಆ ರಸ ಬಿದ್ದ ಸೊಪ್ಪು ತಿಂದ ಹುಳುವಿಗೂ ರೋಗ. ಈ ಅಲೆದಾಟದ ಲಾಭವೆಲ್ಲ ವೈರಸ್‌ಗೇ ಹೋಗುತ್ತದೆ, ನೋಡಿ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೇಷ್ಮೆ ಹುಳುವಿನ ಈ ವೈರಸ್‌ನಿಂದ ಪಿಟಿಪಿ ಎಂಬ ಒಂದೇ ಜೀನ್ ತೆಗೆದು ಸೋಂಕು ತಗುಲಿಸಿದರು. ಹುಳು ಹಾಗೆ ಅಲೆಯಲಿಲ್ಲ.

ಇನ್ನೊಂದು ಕೈವಾಡ ಬೆಳವಣಿಗೆಯ ಮೇಲೆ. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ತಿನ್ನುವುದು ಬಿಟ್ಟು ಪೊರೆ ಕಳಚುತ್ತದೆ. ಅದನ್ನು ನಡೆಸುವುದು ಎಕ್ಡೈಸೋನ್ ಎಂಬ ಹಾರ್ಮೋನು. ವೈರಸ್‌ನಲ್ಲಿ ಇಜಿಟಿ ಅನ್ನೋ ಜೀನ್ ಇದೆ. ಅದರಿಂದ ಹುಟ್ಟುವ ಕಿಣ್ವ ಈ ಹಾರ್ಮೋನಿಗೆ ಒಂದು ಸಕ್ಕರೆ ಕಣ ಅಂಟಿಸಿ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಹುಳು ಪೊರೆ ಬಿಡುವುದಿಲ್ಲ, ತಿನ್ನುತ್ತಲೇ ಹೋಗುತ್ತದೆ. ವೈರಸ್‌ಗೆ ಬೆಳೆಯಲು ಜಾಸ್ತಿ ಮೈ, ಜಾಸ್ತಿ ದಿನ ಸಿಗುತ್ತದೆ. ಉಳಿದವೆಲ್ಲ ಜ್ವರಕ್ಕೆ ಕೂತಿರುವಾಗ ಒಂದು ಹುಳು ಮಾತ್ರ ಓಡಾಡುತ್ತಿದ್ದರೆ ಅನುಭವಸ್ಥರು ತಕ್ಷಣ ಅದನ್ನು ಆರಿಸಿ ತೆಗೆಯುವುದು ಇದಕ್ಕೇ.

ಮರ ಹತ್ತಿಸುವುದೂ ಇದೇ ಇಜಿಟಿ ಜೀನ್, ಕನಿಷ್ಠ ಅಮೆರಿಕದ ಕಾಡುಗಳನ್ನು ಬೋಳಿಸುವ ಜಿಪ್ಸಿ ಪತಂಗದ ಹುಳುವಿನಲ್ಲಿ. ಆರೋಗ್ಯವಾಗಿರುವ ಹುಳು ರಾತ್ರಿ ಮೇಲೆ ಹೋಗಿ ಎಲೆ ತಿಂದು, ಹಗಲು ಹಕ್ಕಿಗಳಿಗೆ ಹೆದರಿ ಕೆಳಗಿಳಿದು ಅಡಗುತ್ತದೆ. ಸೋಂಕು ತಗುಲಿದ್ದು ಮೇಲೆಯೇ ಉಳಿದು ಸಾಯುತ್ತದೆ. ಆಮೇಲೆ ವೈರಸ್‌ನದೇ ಕಿಣ್ವಗಳು ಅದರ ಮೈಯನ್ನು ಕರಗಿಸುತ್ತವೆ, ರಸ ಕೆಳಗಿನ ಎಲೆಗಳ ಮೇಲೆ ತೊಟ್ಟಿಕ್ಕುತ್ತದೆ. 2011ರ ಪ್ರಯೋಗದಲ್ಲಿ ಇಜಿಟಿ ತೆಗೆದ ವೈರಸ್ ಕೊಟ್ಟಾಗ ಹುಳುಗಳು ಕೆಳಗೇ ಸತ್ತವು. ಜೀನನ್ನು ಮತ್ತೆ ಸೇರಿಸಿದಾಗ ಪುನಃ ಮೇಲೆ ಸತ್ತವು. ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆದರೆ ಎಲ್ಲ ಹುಳುಗಳಲ್ಲೂ ಇದೇ ಜೀನ್ ಅಂತ ತಿಳಿಯಬೇಡಿ. ಸ್ಪೊಡಾಪ್ಟೆರಾ ಎಂಬ ಪತಂಗ ಜಾತಿಯ ಒಂದು ಹುಳುವಿನಲ್ಲಿ ಸೋಂಕು ಬೆಳಕಿನ ಸೆಳೆತ ಹುಟ್ಟಿಸುತ್ತದೆ, ಆ ಸೆಳೆತಕ್ಕೆ ಹುಳು ಮೇಲೆ ಹತ್ತುತ್ತದೆ. ವೈರಸ್‌ಗೆ ಯೋಚನೆ ಬೇಕಾಗಿಲ್ಲ. ಹುಳುವಿನಲ್ಲಿ ಮೊದಲೇ ಇರುವ ಹಾರ್ಮೋನು, ಬೆಳಕಿನ ಅರಿವು, ಇವುಗಳಲ್ಲಿ ಒಂದನ್ನು ತಿರುಚಿದರೆ ಸಾಕು.

ಇನ್ನು ನಮಗೆ ಅಂಟುತ್ತಾ ಅಂದರೆ, ಇಲ್ಲ. ಈ ಬ್ಯಾಕ್ಯುಲೊವೈರಸ್‌ಗಳು ಮನುಷ್ಯರಿಗೆ, ದನಕರುಗಳಿಗೆ ರೋಗ ತರುವುದಿಲ್ಲ. ಅದಕ್ಕೇ ಕಲಬುರಗಿ ಕಡೆ ತೊಗರಿಯ ಕಾಯಿಕೊರಕ ಹುಳುವಿಗೆ ಇದೇ ಗುಂಪಿನ ವೈರಸ್ ಆದ ಎನ್‌ಪಿವಿ ಹೊಡೆಯುವಂತೆ ರೈತರಿಗೆ ಹೇಳುತ್ತಾರೆ. ಸಂಜೆಯ ಹೊತ್ತಿಗೆ ಹೊಡೆಯಬೇಕು, ಬಿಸಿಲಿಗೆ ವೈರಸ್ ಬೇಗ ಸಾಯುತ್ತದೆ.