ಸಾಣೆ ಹಿಡಿಯುವಾಗ ಡಿಗ್ರಿ ಯಾಕೆ ತಪ್ಪುತ್ತೆ?

ಪ್ರ: ಸರ್, ಮದ್ದೂರಲ್ಲಿ ಸಣ್ಣ ಸಾಣೆ ಅಂಗಡಿ ಇಟ್ಟಿದೀನಿ. ಹೋಟೆಲ್ ಚಾಕು, ಎಳನೀರು ಮಚ್ಚು ಎಲ್ಲಾ ಬರುತ್ತೆ. 6 ಇಂಚು ಕಲ್ಲಿನ ಬೆಂಚ್ ಗ್ರೈಂಡರ್ (ಮೇಜಿನ ಮೇಲೆ ಕೂರಿಸೋ ಸಾಣೆ ಮಷೀನು) ಇದೆ. 15 ಡಿಗ್ರಿ ಅಂತ ಓರೆ ಸರಿಯಾಗೇ ಇಟ್ರೂ ಒಂದೊಂದ್ಸಲ ಒಂದೊಂದು ಥರ ಬರ್ತಿದೆ, ಹೊಸ ಕಲ್ಲು ಹಾಕಿದ್ಮೇಲಂತೂ ಹಳೇ ಸೆಟ್ಟಿಂಗ್ ಕೆಲಸಕ್ಕೇ ಬರ್ತಿಲ್ಲ. ಯಾಕೆ?
– ಓದುಗರೊಬ್ಬರು, ಮದ್ದೂರು

ಉ: ನಿಮ್ಮ ಕೈ ಸರಿಯಾಗೇ ಇದೆ, ಕಲ್ಲು ದುಂಡಗಿರೋದೇ ತಕರಾರು. ಅಲಗು ಕಲ್ಲಿನ ಮೇಲೆ ಎಲ್ಲಿ ತಾಗುತ್ತೋ ಅಲ್ಲಿನ ಇಳಿಜಾರಿಗೆ ಹೋಲಿಸಿ ಡಿಗ್ರಿ ಲೆಕ್ಕ ಹಾಕ್ಬೇಕು, ಟೇಬಲ್‌ಗೋ ಗೋಡೆಗೋ ಅಲ್ಲ. ಕಲ್ಲಿನ ಮುಂದೆ ನಿಂತಾಗ ಶಾಫ್ಟ್ (ಕಲ್ಲಿನ ನಡುವಿನ ಅಚ್ಚು) ಎತ್ತರದಲ್ಲಿ ಮಾತ್ರ ಕಲ್ಲಿನ ಮೈ ನೆಟ್ಟಗೆ ನಿಂತಿರುತ್ತೆ, ಅಲ್ಲಿ ಚಾಕು ನೆಟ್ಟಗಿಂದ 15 ವಾಲಿದ್ರೆ 15ಏ. ಅದೇ ಓರೆ ಇಟ್ಕೊಂಡು ಒಂದು ಸೆಂಟಿಮೀಟರ್ ಮೇಲೋ ಕೆಳಗೋ ತಾಗಿಸಿದ್ರೆ ನಿಮ್ಮ 6 ಇಂಚಿನ, ಅಂದ್ರೆ 150 ಮಿಮೀ ಕಲ್ಲಲ್ಲಿ ಏಳೂವರೆ ಡಿಗ್ರಿ ವ್ಯತ್ಯಾಸ ಬಂದ್ಬಿಡುತ್ತೆ, ಅಂದ್ರೆ ನಿಮ್ಮ 15 ಹೋಗಿ ಇಪ್ಪತ್ತೆರಡೂವರೆ ಆಗ್ಬೋದು ಇಲ್ಲ ಏಳೂವರೆ ಆಗ್ಬೋದು! ಕಲ್ಲು ಸವೆದು 120 ಮಿಮೀಗೆ ಇಳಿದಿದ್ರೆ ಅದೇ ಒಂದು ಸೆಂಟಿಮೀಟರಿಗೆ ಒಂಬತ್ತೂವರೆ. ಹೊಸ ಕಲ್ಲಿಗೆ ಹಳೇ ಸೆಟ್ಟಿಂಗ್ ಕೂರದೇ ಇರೋದು ಇದಕ್ಕೇ. ಶಾಫ್ಟ್ ಮಟ್ಟಕ್ಕೆ ಗಾರ್ಡ್ (ಕಲ್ಲಿನ ಸುತ್ತ ಇರೋ ಕವಚ) ಮೇಲೆ ಒಂದು ಗೀಟು ಹಾಕ್ಕೊಳ್ಳಿ, ಅಲ್ಲೇ ತಾಗಿಸಿ, ಓರೆ ನೋಡೋಕೆ ಮ್ಯಾಗ್ನೆಟ್ ಇರೋ ಡಿಜಿಟಲ್ ಆಂಗಲ್ ಮೀಟರ್ ಸಾಕು.

ಗಿರಾಕಿಗೆ ಹಳೇ ಓರೆನೇ ಬೇಕು ಅಂದ್ರೆ ಮೀಟರ್ರೂ ಬೇಡ. ಅಲಗಿನ ಅಂಚಿಗೆ ಮಾರ್ಕರ್ ಬಳಿದು, ಮಷೀನ್ ಆಫ್ ಮಾಡಿ, ಕಲ್ಲನ್ನ ಕೈಲೇ ತಿರುಗಿಸಿ ತಾಗಿಸಿ ನೋಡಿ. ತುದೀಲಿ ಮಾತ್ರ ಬಣ್ಣ ಹೋದ್ರೆ ಓರೆ ಜಾಸ್ತಿಯಾಗಿದೆ, ಬೆನ್ನಿನ ಕಡೆ ಮಾತ್ರ ಹೋದ್ರೆ ಕಮ್ಮಿ, ಪೂರ್ತಿ ಹೋದ್ರೆ ಕೂತಿದೆ. ನನ್ನ ಕೇಳಿದ್ರೆ ಮೀಟರಿಗಿಂತ ಇದೇ ವಾಸಿ.

ಗಿರಾಕಿ 30 ಅಂದ್ರೆ ಒಂದು ಕಡೆಗೋ ಎರಡೂ ಸೇರಿಯೋ ಅಂತ ಕೇಳಿಬಿಡಿ, ಅರ್ಧ ಜಗಳ ಅಲ್ಲೇ ಹುಟ್ಟೋದು. ತರಕಾರಿ ಚಾಕುಗೆ ಒಂದೊಂದು ಕಡೆ 15ರಿಂದ 20 ಸರಿ. ಎಳನೀರು ಮಚ್ಚಿಗೆ ಮಾತ್ರ ಅಷ್ಟು ತೆಳು ಬೇಡ, ಬೀಸಿ ಹೊಡೆಯೋ ಸಾಮಾನು, ಅಂಚು ಮಡಚ್ಕೊಳ್ಳುತ್ತೆ ಇಲ್ಲ ಚಕ್ಕೆ ಏಳುತ್ತೆ, ಒಂದೊಂದು ಕಡೆ 25ರಿಂದ 30 ಕೊಡಿ.

ಇನ್ನೊಂದು, ಈ ಮಷೀನು ನಿಮಿಷಕ್ಕೆ 2,800ರ ಹತ್ರ ಸುತ್ತುತ್ತೆ, ತೆಳು ಅಂಚು ಬೇಗ ಕಾಯುತ್ತೆ. ಅಂಚು ನೀಲಿಗೆ ತಿರುಗ್ತು ಅಂದ್ರೆ ಹದ ಹೋಯ್ತು, ಡಿಗ್ರಿ ಎಷ್ಟೇ ಸರಿ ಇದ್ರೂ ಎರಡೇ ದಿನಕ್ಕೆ ಮೊಂಡು ಅಂತ ವಾಪಸ್ ತರ್ತಾರೆ. ಪಕ್ಕದಲ್ಲಿ ನೀರು ಇಟ್ಕೊಂಡು ಒಂದೊಂದು ಎಳೆತಕ್ಕೂ ಅದ್ದಿ. ಬಟ್ಟೆ ಚಕ್ರದಲ್ಲಿ ಪಾಲಿಶ್ ಮಾಡುವಾಗ ಅಲಗಿನ ಬಾಯಿ ಚಕ್ರ ಓಡೋ ದಿಕ್ಕಿಗೇ ಇರ್ಲಿ, ಎದುರಾದ್ರೆ ಸಿಕ್ಕಾಕ್ಕೊಂಡು ಚಾಕು ಕಿತ್ತು ಎಸೆಯುತ್ತೆ.